ಗಂಟೆ ಬಾರಿಸಿದ ಮೇಲೆ

ಜೂನ್ ೩

ಪ್ರೀತಿಯ ಅಳತೆಗೋಲೇ,

ನಾನು ಚೆನ್ನಾಗಿದ್ದೇನೆ. ನನ್ನ ಎಡ ಮೊಣಕಾಲನ್ನು ಕೇಳಿದರೆ ಅದು ಬೇರೆಯೇ ಹೇಳೀತು, ಕೇಳಬೇಡ. ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ನೀನು "ಹೂಂ ಅತ್ತೆ, ಹೂಂ ಅತ್ತೆ" ಅನ್ನುತ್ತ ಇನ್ನೇನೋ ಕೆಲಸ ಮಾಡುತ್ತಿರುತ್ತೀಯ. ಕಾಗದವಾದರೆ ಕೂತು ಓದಲೇಬೇಕು.

ನಮ್ಮ ಸೈಕಲ್ ಶಾಲೆಗೆ ಸಂಚಕಾರ ಬಂದಿದೆ. ಸಂಜೆ ಹೊತ್ತು ನಮಗೆ ಮೈದಾನ ಬಿಟ್ಟುಕೊಡುವ ಹೈಸ್ಕೂಲಿಗೆ ಈಗ ಒಂದು ಚೆಂಡಾಟದ ಕ್ಲಬ್ಬಿನವರು ಬಂದು, ಅದೇ ಮೈದಾನ ಅದೇ ಹೊತ್ತಿಗೆ ಬೇಕು ಎಂದು ಕೂತಿದ್ದಾರೆ. ಹೆಡ್‌ಮೇಡಂ ನನ್ನನ್ನು ಕರೆಸಿದರು. "ನಿಮ್ಮಿಂದ ಜನಕ್ಕೆ ಏನು ಒಳ್ಳೇದಾಗಿದೆ ಅಂತ ಸೆಪ್ಟೆಂಬರ್ ಕೊನೇಲಿ ಆಡಳಿತ ಮಂಡಳಿಗೆ ತೋರಿಸಿ. ತೋರಿಸಿದ್ರೆ ಮೈದಾನ ನಿಮ್ಮದು, ಇಲ್ಲದಿದ್ರೆ ಕ್ಲಬ್ಬಿಗೆ" ಅಂದರು.

ನಾನು ಬಿಡುತ್ತೇನೆಯೇ? ನಮ್ಮ ಪದ್ಧತಿ ನಿನಗೆ ಗೊತ್ತು. ಸೀಟು ಹಿಡಿದುಕೊಂಡು ಹಿಂದೆ ಓಡುವವರು ಮೆಲ್ಲಗೆ ಕೈ ಬಿಡುತ್ತೇವೆ. ಕಲಿಯುವವಳು ತಿರುಗಿ ನೋಡದೆ ಆಚೆ ಗೋಡೆ ಮುಟ್ಟಿದಳು ಅಂದರೆ ಗಂಟೆ. ಎದೆಯುಬ್ಬಿಸಿ ಹೇಳಿದೆ: "ನಾನೂರಕ್ಕೂ ಹೆಚ್ಚು ಸಲ ಗಂಟೆ ಬಾರಿಸಿದೀವಿ ಮೇಡಂ. ಎಲ್ಲಾ ನಲವತ್ತು ದಾಟಿದ ಹೆಂಗಸರು. ಒಬ್ಬೊಬ್ಬರಿಗೂ ರಿಪೇರಿ ಮಾಡಿದ ಹಳೇ ಸೈಕಲ್ ಒಂದು, ಪುಕ್ಕಟೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸರಿ. ಆಮೇಲೆ?" ಅಂದರು.

ಆಮೇಲೆ! ಆಮೇಲೆ ಏನು? ನಾನು ಬೆಪ್ಪಾಗಿ ಎದ್ದು ಬಂದೆ. ನೀನು ದೊಡ್ಡ ಸಂಸ್ಥೆಯಲ್ಲಿ ಕೂತು ಇಂಥ ಸಂಘಗಳ ಕೆಲಸವನ್ನೆಲ್ಲ ಅಳೆಯುವವಳು. ಎಂಟನೇ ವಯಸ್ಸಿನಲ್ಲೇ ಸ್ಕೇಲು ಹಿಡಿದು ಬೆಕ್ಕಿನ ಬಾಲ ಅಳೆದವಳು. ಈ "ಆಮೇಲೆ"ಯನ್ನು ಅಳೆಯುವುದು ಹೇಗೆ, ಹೇಳು.

ನಾನು ಕೊಟ್ಟ ಸೈಕಲ್ ಹೇಗಿದೆ?

ನಿನ್ನ ಅತ್ತೆ


ಜೂನ್ ೧೧

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಓದಿ ಕುರ್ಚಿಯಿಂದ ಎದ್ದು ಕುಣಿದುಬಿಟ್ಟೆ. ಪಕ್ಕದ ಮೇಜಿನವರು ನೀರು ತಂದುಕೊಟ್ಟರು. ಜನರಿಗೆ ಈ "ಆಮೇಲೆ" ಕಲಿಸುವುದಕ್ಕೇ ನಮಗೆ ಇಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ನಿಮ್ಮ ಹೆಡ್‌ಮೇಡಂ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ.

ಅತ್ತೆ, ಗಂಟೆ ಹೇಳುವುದು ನೀವು ಏನು ಮಾಡಿದಿರಿ ಎಂಬುದನ್ನು. ಅವರ ಬದುಕಿನಲ್ಲಿ ಏನು ಬದಲಾಯಿತು ಎಂಬುದು ಗಂಟೆಗೆ ಗೊತ್ತಿಲ್ಲ. ಶುರು ಮಾಡುವುದೇನೂ ಬ್ರಹ್ಮವಿದ್ಯೆಯಲ್ಲ. ಮೊದಲು ನಿಮ್ಮ ಆಸೆ ಏನು ಎಂದು ಒಂದು ಹಲಗೆಯ ಮೇಲೆ ಬರೆಯಿರಿ: ಹೀಗೆ ಮಾಡಿದರೆ ಹೀಗಾಗುತ್ತದೆ, ಹೀಗಾದರೆ ಹೀಗಾಗುತ್ತದೆ, ಅಂತ. ನಾನೂರು ಜನರ ಹಿಂದೆ ಬೀಳಬೇಡಿ. ಕಲಿತು ಒಂದು ವರ್ಷವಾದ ಇಪ್ಪತ್ತು ಜನ ಸಾಕು. ಆದರೆ ಚೀಟಿ ಎತ್ತಿ ಆರಿಸಿ. ನಿಮ್ಮ ಮುದ್ದಿನವರನ್ನೇ ಆರಿಸಿಕೊಂಡು ಹೋದರೆ ಅಳತೆಯಲ್ಲ, ನೆಂಟರ ಮನೆಗೆ ಹೋದ ಹಾಗೆ. ಯಾರಾದರೂ ಮನೆಯಲ್ಲಿ ಸಿಗದಿದ್ದರೆ ಬಿಟ್ಟುಬಿಡಬೇಡಿ, ಇನ್ನೊಂದು ಸಲ ಹೋಗಿ. ಮುಖ್ಯವಾಗಿ, "ನಮ್ಮಿಂದ ಅನುಕೂಲ ಆಯ್ತಾ?" ಎಂದು ಮಾತ್ರ ಕೇಳಬೇಡಿ. ನಿಮ್ಮ ಮುಖ ನೋಡಿ ಇಲ್ಲ ಅನ್ನುವ ಧೈರ್ಯ ಯಾರಿಗಿದೆ?

ನೀವು ಕೊಟ್ಟ ಸೈಕಲ್ ತುಂಬ ಚೆನ್ನಾಗಿದೆ. ದಿನಾ ಉಪಯೋಗವಾಗುತ್ತಿದೆ.

ನಿಮ್ಮ ಅಳತೆಗೋಲು


ಜೂನ್ ೩೦

ಅಳತೆಗೋಲೇ,

ನಾನೂ ನರ್ಸಮ್ಮನೂ ಹಲಗೆ ಬರೆದೆವು. ನರ್ಸಮ್ಮ ಗೊತ್ತಲ್ಲ, ಆಸ್ಪತ್ರೆಯಿಂದ ನಿವೃತ್ತಿಯಾಗಿ ಬಂದು ನನ್ನ ಜೊತೆ ಸೀಟು ಹಿಡಿದು ಓಡುವವಳು. "ಸೈಕಲ್ ಕಲಿಯುತ್ತಾಳೆ, ಸೈಕಲ್ ಸಿಗುತ್ತದೆ, ಬೇಕಾದಲ್ಲಿಗೆ ತಾನೇ ಹೋಗುತ್ತಾಳೆ, ಯಾರಿಗೂ ಕಾಯುವುದಿಲ್ಲ." ಬರೆದು ದೂರ ನಿಂತು, ನಿಜ ಹೇಳುತ್ತೇನೆ, ಎರಡೆರಡು ಸಲ ಓದಿಕೊಂಡೆ. ಇಷ್ಟು ವರ್ಷ ಓಡಿದ್ದು ಇದಕ್ಕೇ, ಬರೆದಿಟ್ಟಿರಲಿಲ್ಲ ಅಷ್ಟೆ.

ಏನು ಕೇಳುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ನರ್ಸಮ್ಮ ಅಂದಳು, "ಸರ್ವಿಸ್ ಪೂರ್ತಿ ರೋಗಿಗಳನ್ನ ಹೇಗಿದೀರಿ ಅಂತ ಕೇಳಿದೀನಿ. ಪ್ರಾಣ ಹೋಗೋ ಹೊತ್ತಲ್ಲೂ 'ಪರವಾಗಿಲ್ಲ ಸಿಸ್ಟರ್' ಅಂತಾರೆ. ಮಾತೇ ಬೇಡ. ಟಯರ್ ನೋಡೋಣ, ಕೊಡೋವಾಗ ಹೊಸದೇ ಹಾಕಿರ್ತೀವಲ್ಲ. ಓಡಿದ್ರೆ ಸವೆದಿರುತ್ತೆ, ನಿಂತಿದ್ರೆ ಹಾಗೇ ಇರುತ್ತೆ."

ಎಂಥ ತಲೆ ನೋಡು! ಅವಳ ಹಳೇ ಟೋಪಿಯಲ್ಲಿ ಚೀಟಿ ಹಾಕಿ ಇಪ್ಪತ್ತು ಹೆಸರು ಎತ್ತಿದೆವು. ಮೊದಲ ಹತ್ತು ಮನೆ ಮುಗಿದಿದೆ. ನರ್ಸಮ್ಮ ನಾಡಿ ಹಿಡಿಯುವಂತೆ ಟಯರು ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಒಂಬತ್ತು ಮನೆಯಲ್ಲಿ ಟಯರು ಸವೆದು ಅಂಗೈಯಷ್ಟು ನುಣ್ಣಗಾಗಿದೆ! ಅದೃಷ್ಟವೂ ಕೂಡಿಬಂದಿದೆ. ಯಾವ ಹೊತ್ತಿಗೆ ಹೋದರೂ ಎಲ್ಲರೂ ಮನೆಯಲ್ಲೇ ಸಿಕ್ಕರು. ಎರಡನೇ ಸಲ ಯಾರ ಮನೆಗೂ ಹೋಗಬೇಕಾಗಲಿಲ್ಲ.

ಚೆಂಡಾಟದವರು ಬೇರೆ ಮೈದಾನ ಹುಡುಕಿಕೊಳ್ಳಲಿ.

ನೆಲದ ಮೇಲೆ ಕಾಲು ನಿಲ್ಲದ ನಿನ್ನ ಅತ್ತೆ


ಜುಲೈ ೮

ಅತ್ತೆ, ಅತ್ತೆ, ಅತ್ತೆ,

ಟಯರ್! ಇಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಿಮ್ಮ ಕಾಗದವನ್ನು ನಮ್ಮ ನಿರ್ದೇಶಕರಿಗೆ ಓದಿ ಹೇಳಿದೆ. ಯಾವುದಕ್ಕೂ ನಗದ ಮನುಷ್ಯ ನಕ್ಕುಬಿಟ್ಟರು. ಆಗಸ್ಟ್ ಕೊನೆಯಲ್ಲಿ ಹತ್ತಾರು ಸಂಸ್ಥೆಗಳು ಸೇರುವ ಸಭೆಯಿದೆ. ಅಲ್ಲಿ ನಿಮ್ಮ ಶಾಲೆಯ ಬಗ್ಗೆ ನಾನೇ ಮಾತಾಡಬೇಕಂತೆ! ನಾನು ಸೇರಿದ ಮೇಲೆ ಇಂಥದ್ದು ಇದೇ ಮೊದಲು. ತಲೆಬರಹ ಕೂಡ ಸಿದ್ಧ: "ಟಯರು ಸುಳ್ಳು ಹೇಳುವುದಿಲ್ಲ." ಸೈಕಲ್‌ಗಳ ಫೋಟೋ ಬೇಗ ಕಳಿಸಿ, ಪೂರ್ತಿ ಕಾಣುವಂತೆ.

ನಿಮ್ಮ ಅಳತೆಗೋಲು


ಜುಲೈ ೨೯

ಪ್ರೀತಿಯ ಅಳತೆಗೋಲೇ,

ನಿನ್ನ ಕಾಗದ ತಲುಪಿತು. ಇಲ್ಲಿ ಸೆಕೆ ಜಾಸ್ತಿ. ನರ್ಸಮ್ಮ ಹೊಸ ಚಪ್ಪಲಿ ತಗೊಂಡಳು, ಕಚ್ಚುತ್ತಿದೆಯಂತೆ. ಫೋಟೋ ಇನ್ನೊಂದು ಸಲ ನೋಡೋಣ. ಸಭೆಯಲ್ಲಿ ಬೇರೆ ಯಾರದಾದರೂ ವಿಷಯ ಹೇಳಿದರೆ ಆಗುವುದಿಲ್ಲವೇ?

ನಿಮ್ಮಪ್ಪನಿಗೆ ವಾರಕ್ಕೊಮ್ಮೆಯಾದರೂ ಫೋನು ಮಾಡು.

ಅತ್ತೆ


ಆಗಸ್ಟ್ ೪

ಅತ್ತೆ,

ನಿಮಗೆ ನನ್ನ ಮೇಲೆ ಕೋಪ ಬಂದಿದೆ. ಬೇಡ, ಇಲ್ಲ ಅನ್ನಬೇಡಿ. ಸೆಕೆ, ಚಪ್ಪಲಿ ಅಂತ ಬರೆಯುವವರಲ್ಲ ನೀವು. ನಿಮ್ಮನ್ನು ಒಂದು ಮಾತೂ ಕೇಳದೆ ನಿಮ್ಮ ಕೆಲಸವನ್ನು ನಿರ್ದೇಶಕರ ಮುಂದಿಟ್ಟೆ. ಓಡಿದ್ದು ನೀವು, ಹೆಸರು ನನಗೆ ಬರುತ್ತಿದೆ ಅನ್ನಿಸಿರಬೇಕು. ಹಾಗಿದ್ದರೆ ಸಭೆಯಲ್ಲಿ ನೀವೇ ಬಂದು ಮಾತಾಡಿ. ಟಿಕೆಟ್ ನಾನು ಮಾಡಿಸುತ್ತೇನೆ. ನೀವು ಮುಖ ಊದಿಸಿಕೊಂಡಿದ್ದರೆ ನನಗೆ ಊಟ ಸೇರುವುದಿಲ್ಲ.

ನಿಮ್ಮ ಅಳತೆಗೋಲು


ಆಗಸ್ಟ್ ೧೦

ಕಂದಾ,

ನಿನ್ನ ಮೇಲೆ ಕೋಪವೇ? ಎಲ್ಲಿಯಾದರೂ ಉಂಟೇ? ಕೋಪವಲ್ಲ, ನಾಚಿಕೆ. ನಿನ್ನ ಮುಂದೆ ಹೇಳಿಕೊಳ್ಳಲಾಗದಷ್ಟು ನಾಚಿಕೆ.

ಹನ್ನೊಂದನೆಯದು ಹೊಲಿಗೆಯಕ್ಕನ ಮನೆ. ಮಹಡಿ ಮೇಲೆ ಒಂದೇ ಕೋಣೆ, ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು, ಮೆಟ್ಟಿಲ ಕೆಳಗೆ ನಾವು ಕೊಟ್ಟ ಸೈಕಲ್. ಟಯರು ನುಣ್ಣಗೆ ಸವೆದಿತ್ತು. ನರ್ಸಮ್ಮ ಹಲ್ಲು ಬಿಡುತ್ತ ಗುರುತು ಹಾಕಿಕೊಂಡಳು. ಇಳಿದು ಬರುವಾಗ ನನ್ನ ಮೊಣಕಾಲು ಚುಳ್ ಅಂದಿತು. ಆಸರೆಗೆ ಕೈ ಚಾಚಿದೆ, ಸೈಕಲ್ಲಿನ ಸೀಟು ಸಿಕ್ಕಿತು. ಸೀಟು ನನ್ನ ಸೊಂಟಕ್ಕಿಂತ ಮೇಲಿತ್ತು. ಹೊಲಿಗೆಯಕ್ಕ ನನ್ನ ಭುಜಕ್ಕೆ ಬರುತ್ತಾಳೆ.

"ಇದನ್ನ ಯಾರಮ್ಮ ಓಡಿಸ್ತಾರೆ?" ಅಂದೆ.

"ಇವರೇ ಅಕ್ಕ, ಕೆಲಸಕ್ಕೆ ಹೋಗೋದು ಇದರಲ್ಲೇ. ನಿಮ್ಮಿಂದ ತುಂಬಾ ಉಪಕಾರ ಆಯ್ತು."

"ಮತ್ತೆ ನೀನು?"

"ನಾನೆಲ್ಲಿಗೆ ಹೋಗ್ಲಿ? ಮನೇಲೇ ಇರ್ತೀನಿ."

ನರ್ಸಮ್ಮನನ್ನು ಎಳೆದುಕೊಂಡು ನೋಡಿದ ಮನೆಗಳಿಗೆಲ್ಲ ಮತ್ತೆ ಹೋದೆ. ಉಳಿದವನ್ನೂ ಮುಗಿಸಿದೆ. ಈ ಸಲ ಟಯರು ಬಿಟ್ಟು ಸೀಟು ನೋಡಿದೆ. ಇಪ್ಪತ್ತರಲ್ಲಿ ನಾಲ್ಕೇ ನಾಲ್ಕು ಸೈಕಲ್ಲಿನ ಸೀಟು ನಮ್ಮ ಹೆಂಗಸರ ಎತ್ತರಕ್ಕಿದೆ. ಬಾಕಿ ಎಲ್ಲ ಗಂಡನದು, ಮಗನದು, ಮೈದುನನದು. ಇಷ್ಟು ವರ್ಷ ಬಿಸಿಲಲ್ಲಿ ಓಡಿ, ಮೊಣಕಾಲು ಸವೆಸಿಕೊಂಡು, ಊರಿನ ಗಂಡಸರಿಗೆ ಪುಕ್ಕಟೆ ಸೈಕಲ್ ಹಂಚಿದ್ದೇನೆ.

"ಟಯರು ಸವೆದಿದೆ ಅಂತಲೇ ಬರೆಯೋಣ. ಸುಳ್ಳೇನಲ್ವಲ್ಲ" ಅನ್ನುತ್ತಾಳೆ ನರ್ಸಮ್ಮ. ಮೂರು ವಾರದಿಂದ ನನಗೂ ಅದೇ ಆಸೆ, ಅದಕ್ಕೇ ಸೆಕೆ, ಚಪ್ಪಲಿ ಅಂತ ಬರೆದೆ. ಆದರೆ ಹಲಗೆಯ ಮೇಲೆ ಬರೆದದ್ದು ಇನ್ನೂ ಅಲ್ಲೇ ಇದೆ. "ಯಾರಿಗೂ ಕಾಯುವುದಿಲ್ಲ." ಅದರ ಎದುರು ನಿಂತು ಆ ಮಾತು ಬರೆಯಲು ಕೈ ಬರಲಿಲ್ಲ. ಮೈದಾನ ಕ್ಲಬ್ಬಿಗೇ ಹೋಗಲಿ. ಶಾಲೆಗೆ ನಾನೇ ಬೀಗ ಹಾಕುತ್ತೇನೆ.

ನಿನ್ನ ಸಭೆ ಹಾಳು ಮಾಡಿದೆ. ತಪ್ಪು ತಿಳಿಯಬೇಡ.

ಅತ್ತೆ


ಆಗಸ್ಟ್ ೧೭

ಅತ್ತೆ,

ಬೀಗ ಹಾಕಿದರೆ ನಾನು ಬಂದು ಒಡೆಯುತ್ತೇನೆ.

ಮೊದಲು ನನ್ನ ಸಂಗತಿ ಕೇಳಿ. ನೀವು ಕೊಟ್ಟ ಸೈಕಲ್ ದಿನಾ ಉಪಯೋಗವಾಗುತ್ತಿದೆ ಅಂದಿದ್ದೆನಲ್ಲ. ನಿಜ, ಅದರ ಮೇಲೆ ಟವಲ್ ಒಣಗುತ್ತದೆ. ಹ್ಯಾಂಡಲ್ಲಿಗೆ ಕೊಡೆ ನೇತುಹಾಕಿದ್ದೇನೆ. ಬಂದ ಹೊಸದರಲ್ಲಿ ಒಂದು ದಿನ ಬೀದಿಗೆ ಇಳಿದೆ. ಹಿಂದಿನಿಂದ ಬಂದ ಬಸ್ಸು ಹಾರ್ನ್ ಹೊಡೆದದ್ದಕ್ಕೆ ಸೈಕಲ್ ಸಮೇತ ತರಕಾರಿ ಅಂಗಡಿಯೊಳಗೆ ಹೋಗಿ ನಿಂತೆ. ಅವತ್ತೇ ಕೊನೆ. ನಾನು ಕಲಿತ ನಿಮ್ಮ ಮೈದಾನದಲ್ಲಿ ಬಸ್ಸು ಬರುವುದಿಲ್ಲವಲ್ಲ ಅತ್ತೆ! ನೀವು "ಹೇಗಿದೆ?" ಅಂದಿರಿ, ನಾನು "ಚೆನ್ನಾಗಿದೆ" ಅಂದೆ. "ಯಾಕೆ ಓಡಿಸುತ್ತಿಲ್ಲ?" ಅಂದಿದ್ದರೆ ಬಾಯಿ ಬಿಡುತ್ತಿದ್ದೆ. ಹಾಗೆ ಕೇಳಬೇಡಿ ಎಂದು ನಿಮಗೆ ಪಾಠ ಹೇಳಿದವಳೇ ನಿಮಗೆ ಹಾಗೆ ಉತ್ತರ ಕೊಟ್ಟೆ. ಓಡಿಸುವವರು ಯಾರು ಎಂದು ಕೇಳದೆ ತಲೆಬರಹ ಬರೆದವಳೂ ನಾನೇ.

ನಿರ್ದೇಶಕರಿಗೆ ಎಲ್ಲ ಹೇಳಿದೆ. ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ಮೂರನೇ ದಿನ ನನ್ನ ಮೇಜಿನ ಹತ್ತಿರ ಬಂದು, "ಸೀಟಿನ ಕಥೆಯನ್ನೇ ಹೇಳು. ಯಾರೂ ತಮ್ಮ ಸೋಲು ಹೇಳೋಕೆ ಆ ಸಭೆಗೆ ಬರೋದಿಲ್ಲ. ಒಬ್ಬರಾದರೂ ಹೇಳಲಿ" ಅಂದು ಹೋದರು.

ನೀವು ಇಷ್ಟು ದಿನ ಗಂಟೆ ಕೇಳಿ ಮನೆಗೆ ಹೋಗುತ್ತಿದ್ದಿರಿ. ಈಗ ಅವರ ಮೆಟ್ಟಿಲ ತನಕ ಹೋಗಿ ನೋಡಿದ್ದೀರಿ. ಅಳತೆ ಶುರುವಾಗಿದ್ದೇ ಈಗ. ಹೊಲಿಗೆಯಕ್ಕನ ಹತ್ತಿರ ವಾಪಸ್ ಹೋಗಿ. "ಓಡಿಸೋಕೆ ಅಡ್ಡ ಬರ್ತಿರೋದು ಏನು?" ಅಂತ ಕೇಳಿ ಸುಮ್ಮನೆ ಕೂತುಬಿಡಿ. ನಿಮಗೆ ಸುಮ್ಮನೆ ಕೂರುವುದು ಕಷ್ಟ, ಗೊತ್ತು. ಆದರೂ.

ನಿಮ್ಮ ಅಳತೆಗೋಲು


ಸೆಪ್ಟೆಂಬರ್ ೬

ಟವಲ್ ಒಣಗಿಸುವವಳೇ,

ನೀನು ತರಕಾರಿ ಅಂಗಡಿಗೆ ನುಗ್ಗಿದ್ದನ್ನು ಓದಿ ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ನಕ್ಕ ಮೇಲೆ ಮನಸ್ಸು ಹಗುರಾಗಿ, ಬೀಗ ಮೇಜಿನ ಮೇಲೇ ಬಿಟ್ಟು ಹೊಲಿಗೆಯಕ್ಕನ ಮನೆಗೆ ಹೋದೆ. ಕೇಳಿದೆ. ಸುಮ್ಮನೆ ಕೂತೆ. ನಾಲಿಗೆ ಕಚ್ಚಿಕೊಂಡು ಕೂತೆ. ಅವಳು ಒಂದು ತೋಳು ಪೂರ್ತಿ ಹೊಲಿದು ಮುಗಿಸಿದ ಮೇಲೆ ಬಾಯಿಬಿಟ್ಟಳು.

"ಇವರದು ಬೆಳಗಿನ ಪಾಳಿ ಅಕ್ಕ. ಮಧ್ಯಾಹ್ನ ಬಂದ್ಮೇಲೆ ಸೈಕಲ್ ಸುಮ್ನೆ ನಿಂತಿರುತ್ತೆ. ಹೊಲಿದ ಬಟ್ಟೆ ನಾನೇ ಕೊಟ್ಟು ಬರಬಹುದಿತ್ತು. ಆದ್ರೆ ಕಾಲು ಪೆಡಲಿಗೆ ಎಟುಕಲ್ಲ. ಸೀಟು ಇಳಿಸಿಕೊಡಿ ಅಂದ್ರೆ ನಾಳೆ ಅಂತಾರೆ. ಅವರು ಕೆಟ್ಟವರಲ್ಲ, ಮರೀತಾರೆ."

"ನೀನೇ ಇಳಿಸ್ಕೋಬಹುದಲ್ಲ?"

"ನನಗೆಲ್ಲಿ ಬರುತ್ತೆ? ಶಾಲೇಲಿ ನೀವೇ ಇಳಿಸಿಕೊಡ್ತಿದ್ರಿ."

ಕೇಳಿಸಿತೇ? ನಾವೇ ಇಳಿಸಿಕೊಡುತ್ತಿದ್ದೆವು! ಅವರು ಬರುವ ಮೊದಲೇ ಸ್ಪ್ಯಾನರ್ ಹಿಡಿದು, ಒಬ್ಬೊಬ್ಬರ ಎತ್ತರಕ್ಕೂ ಸೀಟು ಕೂರಿಸಿ, ಪಾಪ ಅವರಿಗೆ ಕಷ್ಟವಾಗಬಾರದು ಅಂತ. ಹತ್ತುವುದು, ಇಳಿಯುವುದು, ಬ್ರೇಕು, ತಿರುವು, ಎಲ್ಲ ಕಲಿಸಿದೆವು. ಒಂದು ಬೋಲ್ಟು ಸಡಿಲಿಸುವುದನ್ನು ಮಾತ್ರ ಕಲಿಸಲಿಲ್ಲ. ನನ್ನ ಪ್ರೀತಿಯೇ ಅವರನ್ನು ಕೂರಿಸಿಬಿಟ್ಟಿತಲ್ಲೇ!

ಆ ಇಪ್ಪತ್ತೂ ಜನರನ್ನು ಮೈದಾನಕ್ಕೆ ಕರೆಸಿದೆವು. ಆಳಿಗೊಂದು ಸ್ಪ್ಯಾನರ್. ಹೊಲಿಗೆಯಕ್ಕ ಮೊದಲ ಸಲ ಬೋಲ್ಟನ್ನು ಎಷ್ಟು ಜೋರಾಗಿ ತಿರುಗಿಸಿದಳೆಂದರೆ ಸೀಟೇ ಕಳಚಿ ನರ್ಸಮ್ಮನ ಹೊಸ ಚಪ್ಪಲಿಯ ಮೇಲೆ ಬಿತ್ತು. ಎರಡನೇ ಸಲ ಸರಿಯಾಯಿತು. ನಿನ್ನ ಮಾತು ಕೇಳಿ, ಕಡೆಗೆ ಎಲ್ಲರನ್ನೂ ಬಸ್ಸು ಓಡಾಡುವ ಬೀದಿಗೂ ಕರೆದುಕೊಂಡು ಹೋದೆವು. ಇನ್ನು ಮುಂದೆ ಆಚೆ ಗೋಡೆ ಮುಟ್ಟಿದರೆ ಗಂಟೆ ಇಲ್ಲ. ತನ್ನ ಸೀಟು ತಾನೇ ಇಳಿಸಿ, ಬೀದಿ ಸುತ್ತಿ ಬಂದರೆ ಮಾತ್ರ.

ಹೊಲಿಗೆಯಕ್ಕನ ಗಂಡ ಮರುದಿನವೇ ಅವಸರದಲ್ಲಿ ನೋಡದೆ ಹತ್ತಿ, ಮೊಣಕಾಲು ಗಲ್ಲಕ್ಕೆ ಬಡಿಸಿಕೊಂಡನಂತೆ.

ಅತ್ತೆ


ಸೆಪ್ಟೆಂಬರ್ ೧೪

ಅತ್ತೆ,

ಸಭೆಯಲ್ಲಿ ನಿಮ್ಮ ಸೀಟಿನ ಕಥೆ ಹೇಳಿದೆ. ಮುಗಿದ ಮೇಲೆ ಚಪ್ಪಾಳೆ ಬರಲಿಲ್ಲ. ಆಮೇಲೆ ಒಬ್ಬರು ಎದ್ದು, "ನಾವು ಒಲೆ ಹಂಚಿದೀವಿ, ಹೋಗಿ ನೋಡಿಲ್ಲ" ಅಂದರು. ಇನ್ನೊಬ್ಬರು ಎದ್ದು ಇನ್ನೇನೋ ಅಂದರು. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ.

ಮಂಡಳಿಯ ಮುಂದೆ ನಾಲ್ಕನ್ನು ನಾಲ್ಕು ಎಂದೇ ಹೇಳಿ. ನಾನು ಅಲ್ಲಿರುವುದಿಲ್ಲ, ಆದರೆ ನಿಮ್ಮ ಪಕ್ಕದ ಕುರ್ಚಿ ನನ್ನದು ಅಂದುಕೊಳ್ಳಿ.

ನಿಮ್ಮ ಅಳತೆಗೋಲು


ಅಕ್ಟೋಬರ್ ೧

ಅಳತೆಗೋಲೇ,

ಹೇಳಿದೆ. ನನಗಿಂತ ಮೊದಲು ಚೆಂಡಾಟದವರು ಎದ್ದು, ತಮ್ಮಲ್ಲಿಗೆ ಬಂದವರಿಗೆಲ್ಲ ಒಳ್ಳೆಯದಾಗಿದೆ ಅಂದರು. ನಾನು ಎದ್ದು, "ಇಪ್ಪತ್ತರಲ್ಲಿ ನಾಲ್ಕು" ಅಂದೆ. ಅಧ್ಯಕ್ಷರು ಕೆಮ್ಮಿದರು. "ಏನಮ್ಮಾ, ನಿಮ್ಮ ಮೇಲೆ ನೀವೇ ದೂರು ಕೊಡ್ತಿದೀರಲ್ಲ?" ಹೆಡ್‌ಮೇಡಂ ಮಾತ್ರ ಕನ್ನಡಕ ತೆಗೆದು "ಆಮೇಲೆ?" ಅಂದರು. ಈ ಸಲ ನನ್ನ ಹತ್ತಿರ ಉತ್ತರವಿತ್ತು. ಚೀಲದಿಂದ ಸ್ಪ್ಯಾನರ್ ತೆಗೆದು ಮೇಜಿನ ಮೇಲಿಟ್ಟೆ.

ಡಿಸೆಂಬರ್ ತನಕ ಮೈದಾನ ನಮಗೇ. ಅಷ್ಟರಲ್ಲಿ ಅದೇ ಇಪ್ಪತ್ತು ಮನೆಗೆ ಮತ್ತೆ ಹೋಗಿ ನೋಡಬೇಕು. ಹೆಡ್‌ಮೇಡಮ್ಮೇ ಜೊತೆಗೆ ಬರುತ್ತಾರಂತೆ. ಆಗಲೂ ನಾಲ್ಕೇ ಸಿಕ್ಕರೆ ಮೈದಾನ ಕ್ಲಬ್ಬಿಗೆ. ಹೆದರಿಕೆಯಾಗುತ್ತಿದೆ ಕಂದಾ.

ಅತ್ತೆ


ಡಿಸೆಂಬರ್ ೬

ನನ್ನ ಮುದ್ದಿನ ಅಳತೆಗೋಲೇ,

ನಿನ್ನೆ ಮಧ್ಯಾಹ್ನ ಹೊರಟೆವು, ನಾನು, ನರ್ಸಮ್ಮ, ಹೆಡ್‌ಮೇಡಂ. ಅವರು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬಂದಿದ್ದರು. ಬೇಡ ಅಂದರೂ ಕೇಳಲಿಲ್ಲ.

ಮೊದಲನೇ ಮನೆಗೆ ಬೀಗ. ಎರಡನೇ ಮನೆಯಲ್ಲಿ ಅತ್ತೆಯಮ್ಮ ಒಬ್ಬರೇ ಕೂತಿದ್ದರು, ಸೊಸೆ ಎಲ್ಲಿ ಅಂದರೆ "ಯಾರಿಗೆ ಗೊತ್ತು, ನನ್ನ ಕನ್ನಡಕ ರಿಪೇರಿಗೆ ತಗೊಂಡು ಹೋದ್ಲು" ಅಂದರು. ಮೂರನೆಯದಕ್ಕೆ ಬೀಗ. ನಾಲ್ಕನೆಯವಳು ಸಿಕ್ಕಳು, ನನಗೆ ಜೀವ ಬಂತು ಅನ್ನುವಷ್ಟರಲ್ಲಿ, "ಅಯ್ಯೋ ಅಕ್ಕ, ನಾಳೆ ಬನ್ನಿ, ತಂಗಿ ಕಾಯ್ತಿದಾಳೆ" ಅನ್ನುತ್ತ ಪಕ್ಕದಲ್ಲೇ ಪೆಡಲು ತುಳಿದು ಹೋಗಿಯೇಬಿಟ್ಟಳು.

ಬೀದಿ ಬೀದಿ ಸುತ್ತಿದೆವು. ಹೆಡ್‌ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡರು. "ಇದೇನ್ರೀ, ಯಾರೂ ಮನೇಲೇ ಇಲ್ಲ! ಮೊದಲೇ ತಿಳಿಸಿ ಬರಬಾರದಿತ್ತಾ? ಯಾರನ್ನ ಅಂತ ಕೇಳೋದು ನಾನು?" ಅಂತ ರೇಗಿದರು. ನನಗೂ ಅಳು ಬರುವುದೊಂದೇ ಬಾಕಿ. ಕೈಯಲ್ಲಿದ್ದ ಹಾಳೆಯ ಮೇಲೆ ಮತ್ತೆ ಮತ್ತೆ ಅದೇ ಮಾತು: ಮನೆಯಲ್ಲಿಲ್ಲ, ಮನೆಯಲ್ಲಿಲ್ಲ, ಮನೆಯಲ್ಲಿಲ್ಲ.

ಹೊಲಿಗೆಯಕ್ಕನ ಮನೆಯ ಮೆಟ್ಟಿಲ ಮೇಲೆ ಅವಳ ಗಂಡ ಗಲ್ಲಕ್ಕೆ ಕೈ ಕೊಟ್ಟುಕೊಂಡು ಕೂತಿದ್ದ.

"ಎಲ್ಲಪ್ಪಾ ಅವಳು?"

"ಗೊತ್ತಿಲ್ಲ."

"ಎಷ್ಟು ಹೊತ್ತಿಗೆ ಬರ್ತಾಳೆ?"

"ಗೊತ್ತಿಲ್ಲಕ್ಕ. ಬಟ್ಟೆ ಕೊಟ್ಟು ಬರ್ತೀನಿ ಅಂತ ಹೋಗ್ತಾಳೆ, ಹಾಗೇ ಅಲ್ಲಿ ಇಲ್ಲಿ ಹೋಗಿ ಬರ್ತಾಳೆ."

"ಸೈಕಲ್?"

ಅವನು ಮೆಟ್ಟಿಲ ಕೆಳಗಿನ ಖಾಲಿ ಜಾಗ ತೋರಿಸಿದ. "ನಾನೂ ಅವಳಿಗೇ ಕಾಯ್ತಾ ಇದೀನಿ."

ಹೆಡ್‌ಮೇಡಂ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅವರು ಅಲ್ಲೇ ಅವನ ಪಕ್ಕದ ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಏನು ವಿಷಯ ಎಂದು ಆ ಪಾಪದವನಿಗೆ ಕಡೆಗೂ ತಿಳಿಯಲಿಲ್ಲ.

ಜೂನ್ ತಿಂಗಳಲ್ಲಿ ಎಲ್ಲರೂ ಮನೆಯಲ್ಲೇ ಸಿಕ್ಕರು, ಎಂಥ ಅದೃಷ್ಟ ಅಂತ ಬರೆದಿದ್ದೆ, ನೆನಪಿದೆಯೇ? ಟಯರು ಮುಟ್ಟುವ ಮೊದಲೇ ನನಗೆ ಗೊತ್ತಾಗಬೇಕಿತ್ತು. ಹನ್ನೊಂದು ಜನ ಸೈಕಲ್ ಸಮೇತ ನಾಪತ್ತೆ, ನಾಲ್ಕನೆಯವಳು ಕಣ್ಣೆದುರೇ ಹೋದಳು. ಇಪ್ಪತ್ತೂ ಆಗಿಲ್ಲ. ಮನೆಯಲ್ಲೇ ಸಿಕ್ಕ ಉಳಿದ ಎಂಟು ಜನರನ್ನು ಏನು ಅಡ್ಡ ಬರುತ್ತಿದೆ ಎಂದು ಮತ್ತೆ ಕೇಳಬೇಕು. ಒಬ್ಬಳ ಸೈಕಲ್ಲನ್ನು ಮೈದುನ ಮಾರಿಯೇಬಿಟ್ಟಿದ್ದಾನೆ, ಅವನ ಕಿವಿ ಹಿಂಡಲು ನರ್ಸಮ್ಮ ನಾಳೆ ಹೋಗುತ್ತಾಳೆ. ಮೈದಾನ ನಮ್ಮದೇ. ಪ್ರತಿ ವರ್ಷ ಹೀಗೆ ಮನೆ ಮನೆ ನೋಡಿ ಹೇಳಬೇಕು ಎಂಬ ಷರತ್ತು. ನಡೆಯಲು ಒಳ್ಳೆಯ ಚಪ್ಪಲಿ ಹಾಕಿಕೊಂಡು ತಾವೂ ಬರುತ್ತಾರಂತೆ ಹೆಡ್‌ಮೇಡಂ.

ಒಂದು ಸಂದೇಹ. "ಮನೆಯಲ್ಲಿಲ್ಲ" ಎಂದರೆ ಬಿಟ್ಟುಬಿಡಬೇಡಿ, ಇನ್ನೊಂದು ಸಲ ಹೋಗಿ ಅಂದಿದ್ದೆಯಲ್ಲ ನೀನು. ಹೋಗಲೇಬೇಕೇ?

ನಿನ್ನ ಅತ್ತೆ


ಡಿಸೆಂಬರ್ ೧೩

ಅತ್ತೆ,

ಹೋಗಬೇಡಿ! ಅವರನ್ನು ಅವರ ಪಾಡಿಗೆ ಬಿಡಿ. ನಿಮ್ಮ ಕಾಗದ ಓದುತ್ತ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದಕ್ಕೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ನಿಜವಾಗಿ ಹೇಳಬೇಕೆಂದರೆ ಸ್ವಲ್ಪ ಅತ್ತೂಬಿಟ್ಟೆ.

ಸೈಕಲ್ ಮೇಲಿನ ಟವಲ್ ತೆಗೆದೆ. ಇಪ್ಪತ್ತಮೂರಕ್ಕೆ ರಜೆ ಹಾಕಿ ಬರುತ್ತಿದ್ದೇನೆ. ಬಸ್ಸು ಓಡಾಡುವ ಬೀದಿಯಲ್ಲಿ ನನ್ನ ಹಿಂದೆಯೂ ಒಂದು ಸಲ ಓಡಿ. ಮೊಣಕಾಲು ಬೇಡ ಅಂದರೆ ನರ್ಸಮ್ಮನಾದರೂ ಸರಿ. ನನ್ನ ಗಂಟೆ ಬಾಕಿ ಇದೆ.

ಬೆಳಿಗ್ಗೆ ಹತ್ತಕ್ಕೆ ತಲುಪುತ್ತೇನೆ. ಮನೆಯಲ್ಲಿರಿ.

ನಿಮ್ಮ ಅಳತೆಗೋಲು


ಡಿಸೆಂಬರ್ ೧೮

ಅಳತೆಗೋಲೇ,

ಖಂಡಿತ ಬಾ. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿರುತ್ತೇನೆ, ಶಾಲೆಯ ಸೈಕಲ್ ಒಂದು ಅಂಗಳದಲ್ಲಿರುತ್ತದೆ, ಸ್ಪ್ಯಾನರ್ ಬಾಗಿಲ ಹಿಂದಿದೆ. ಇಪ್ಪತ್ತಮೂರರ ಬೆಳಿಗ್ಗೆ ಹೊಲಿಗೆಯಕ್ಕ, ನರ್ಸಮ್ಮ, ನಾನು ಸೈಕಲ್ಲಿನಲ್ಲಿ ಕೆರೆ ಏರಿಯ ತನಕ ಹೋಗುವ ಮಾತಾಗಿದೆ. ಹತ್ತಿರದಲ್ಲೇನೂ ಇಲ್ಲ. ಯಾವಾಗ ಬರುತ್ತೇವೋ ಗೊತ್ತಿಲ್ಲ.

ಸೀಟು ನೀನೇ ಇಳಿಸಿಕೊಂಡು ಬಾ.

ಅತ್ತೆ